ಕತ್ತಲೆಯ ಪದಗಳನ್ನು ಎಣಿಸುವ ಮುಂಚೆ

ಪ್ರಶ್ನೆ: ನಾನು ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದೇನೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೂರ್ನಾಲ್ಕು ವರ್ಷಗಳ ಸುದ್ದಿ ವರದಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಯುದ್ಧ ಮುಗಿದಿದೆ, ಆದರೂ ಗೆದ್ದ ದೇಶಗಳ ಪತ್ರಿಕೆಗಳಲ್ಲೂ ಕತ್ತಲೆ, ನೆರಳು, ವಿನಾಶ, ಬಿಕ್ಕಟ್ಟು ಇಂಥ ಪದಗಳೇ ಜಾಸ್ತಿ ಕಾಣುತ್ತವೆ. ಪರಿಸ್ಥಿತಿ ನಿಜಕ್ಕೂ ಹಾಗಿತ್ತಾ, ಇಲ್ಲ ಪತ್ರಕರ್ತರಿಗೆ ಅದೊಂದು ರೂಢಿಯಾಗಿತ್ತಾ? ಇಂಥ ಪದಗಳನ್ನು ಎಣಿಸಿ ಪಟ್ಟಿ ಮಾಡಿದರೆ ಉತ್ತರ ಸಿಗುತ್ತದೆಯೇ?

ಉತ್ತರ: ಎಣಿಸಿ, ಬೇಡ ಅನ್ನುವುದಿಲ್ಲ. ಆದರೆ ಎಣಿಕೆಯೊಂದನ್ನೇ ನಂಬಿ ಕೂತರೆ ದಾರಿ ತಪ್ಪುತ್ತೀರಿ. ಆ ಕಾಲದ ಅತಿ ಘೋರವಾದ ವರದಿಯಲ್ಲಿ ನೀವು ಹುಡುಕುತ್ತಿರುವ ಪದಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೆಲವು ಕಡೆ ಅವು ಮೂರು ಸಾಲಿಗೊಂದು ಬರುತ್ತವೆ, ಆದರೆ ಓದಿ ಮುಗಿಸಿದಾಗ ಕಣ್ಣಮುಂದೆ ಏನೂ ಉಳಿಯುವುದಿಲ್ಲ. ಇನ್ನು ಕೆಲವು ಕಡೆ ಅವನ್ನು ಬರೆಯಲು ಬಿಟ್ಟೇ ಇಲ್ಲ. ಈ ಮೂರೂ ನಿಮ್ಮ ಪಟ್ಟಿಯಲ್ಲಿ ಬರೀ ಅಂಕಿಗಳಾಗಿ ಕೂತುಬಿಡುತ್ತವೆ.

ಮೊದಲು ಹಿರೋಶಿಮಾಕ್ಕೆ ಹೋಗೋಣ. 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ನಿಂತಿದ್ದ ಮಿಸೌರಿ ಯುದ್ಧನೌಕೆಯ ಮೇಲೆ ಜಪಾನ್ ಶರಣಾಗತಿಗೆ ಸಹಿ ಹಾಕಿತು. ವಿದೇಶಿ ಪತ್ರಕರ್ತರ ದಂಡು ಆ ಹಡಗಿನತ್ತ ಹೊರಟಿತು. ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ಗೆ ಬರೆಯುತ್ತಿದ್ದ ಆಸ್ಟ್ರೇಲಿಯಾದ ವಿಲ್ಫ್ರೆಡ್ ಬರ್ಚೆಟ್ ಮಾತ್ರ ರೈಲು ಹತ್ತಿ ಹಿರೋಶಿಮಾದ ದಾರಿ ಹಿಡಿದರು. ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣ. ಕೈಯಲ್ಲಿ ಒಂದಷ್ಟು ಊಟದ ಪೊಟ್ಟಣ, ಒಂದು ಪುಟ್ಟ ಟೈಪ್‌ರೈಟರ್. ಬಾಂಬ್ ಬಿದ್ದು ನಾಲ್ಕು ವಾರ ಆಗಿತ್ತು. ಅವರು ಊರು ಸುತ್ತಿದರು, ಆಸ್ಪತ್ರೆಗೆ ಹೋದರು. ಆಮೇಲೆ ಒಡೆದ ಕಾಂಕ್ರೀಟ್ ತುಂಡಿನ ಮೇಲೆ ಕೂತು ವರದಿ ಟೈಪ್ ಮಾಡಿದರು. ಅದು ಮೋರ್ಸ್ ಸಂಕೇತದಲ್ಲಿ ಟೋಕಿಯೋಗೆ, ಅಲ್ಲಿಂದ ಲಂಡನ್ನಿಗೆ ಹೋಯಿತು. ಸೆಪ್ಟೆಂಬರ್ 5ರ ಮುಖಪುಟದಲ್ಲಿ ಅಚ್ಚಾಯಿತು. ತಲೆಬರಹ ‘ಅಣು ಪ್ಲೇಗ್’.

ಈ ‘ಪ್ಲೇಗ್’ ಅನ್ನುವ ಪದವನ್ನು ಸ್ವಲ್ಪ ಹತ್ತಿರದಿಂದ ನೋಡಿ. ವೈದ್ಯಶಾಸ್ತ್ರದ ಪ್ರಕಾರ ಅದು ತಪ್ಪು. ವಿಕಿರಣದ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ಬರ್ಚೆಟ್ ಆಸ್ಪತ್ರೆಯಲ್ಲಿ ಕಂಡದ್ದೇನು? ಬಾಂಬ್ ಬಿದ್ದ ದಿನ ಮೈಮೇಲೆ ಒಂದು ಗೀರೂ ಇಲ್ಲದವರು ವಾರಗಳ ಮೇಲೆ ಸಾಯುತ್ತಿದ್ದರು. ಮೊದಲು ಹಸಿವು ಹೋಗುತ್ತಿತ್ತು. ಕೂದಲು ಉದುರುತ್ತಿತ್ತು. ಮೈಮೇಲೆ ನೀಲಿ ಕಲೆ ಏಳುತ್ತಿದ್ದವು. ಕೊನೆಗೆ ಕಿವಿ, ಮೂಗು, ಬಾಯಿಯಿಂದ ರಕ್ತ. ಇದಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ್ದಕ್ಕೆ ಹೆಸರು ಇಡಬೇಕಾದಾಗ ಜನಕ್ಕೆ ಗೊತ್ತಿರುವ ಭಯವನ್ನೇ ಎರವಲು ತರಬೇಕಾಗುತ್ತದೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1898ರ ಪ್ಲೇಗಿನ ನೆನಪಿಗೆ ಬೆಂಗಳೂರಿನಲ್ಲಿ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ. ಕಣ್ಣಿಗೆ ಕಾಣದ್ದು ಬಂದು ಮನೆಮಂದಿಯನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹೋಗುತ್ತದಲ್ಲ, ಆ ಭಯವೇ ಆ ಪದದಲ್ಲಿರುವುದು.

ಇನ್ನೊಂದು ಮಾತು. ಆ ದೊಡ್ಡ ಪದದ ಕೆಳಗಿನ ವರದಿ ಕೂಗಾಡುವುದಿಲ್ಲ. ಈ ಊರು ಬಾಂಬ್ ಬಿದ್ದ ಊರಿನ ಹಾಗೆ ಕಾಣುತ್ತಿಲ್ಲ, ದೈತ್ಯ ರೋಡ್ ರೋಲರ್ ಒಂದು ಹಾದುಹೋಗಿ ಇಡೀ ಊರನ್ನು ಅಪ್ಪಚ್ಚಿ ಮಾಡಿದ ಹಾಗಿದೆ ಅನ್ನುತ್ತಾರೆ. ಆದಷ್ಟು ಭಾವಾವೇಶ ಇಲ್ಲದೆ ಈ ಸಂಗತಿಗಳನ್ನು ಬರೆಯುತ್ತಿದ್ದೇನೆ, ಜಗತ್ತಿಗೆ ಇದು ಎಚ್ಚರಿಕೆಯಾಗಲಿ ಅಂತ ಮೊದಲಲ್ಲೇ ಹೇಳಿಬಿಡುತ್ತಾರೆ. ಕತ್ತಲೆಯ ಪದ ಒಂದೇ. ಅದರ ಕೆಳಗೆ ಕಣ್ಣಾರೆ ಕಂಡ ಹತ್ತಾರು ವಿವರಗಳು. ಎಣಿಸುವಾಗ ಈ ಪ್ರಮಾಣವನ್ನು ಗಮನಿಸಿ.

ಅದೇ ತಿಂಗಳು ಇನ್ನೊಬ್ಬ ಪತ್ರಕರ್ತ ಏನು ಬರೆದರು ನೋಡಿ. ‘ನ್ಯೂಯಾರ್ಕ್ ಟೈಮ್ಸ್’ನ ವಿಜ್ಞಾನ ವರದಿಗಾರ ವಿಲಿಯಂ ಲಾರೆನ್ಸ್ ಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಗೂ ಕೆಲಸ ಮಾಡುತ್ತಿದ್ದವರು. ಆಗಸ್ಟ್ 9ರಂದು ನಾಗಸಾಕಿಗೆ ಹೋದ ವಿಮಾನಗಳಲ್ಲಿ ಒಂದರಲ್ಲಿ ಕೂತಿದ್ದರು. ಅವರ ವರದಿ ಸೆಪ್ಟೆಂಬರ್ 9ರಂದು ಬಂತು. ಅದರಲ್ಲಿ ಮಂಕು ಅನ್ನುವುದೇ ಇಲ್ಲ. ಬೆರಗು ತುಂಬಿದೆ. ಬೆಂಕಿಯ ಕಂಬ, ಮೇಲೇರುವ ಮೋಡ, ಅದರ ಬಣ್ಣ, ಕಣ್ಣೆದುರೇ ಹುಟ್ಟಿದ ಹೊಸ ಜೀವಿ ಅನ್ನುವಂಥ ಹೋಲಿಕೆ. ಕೆಳಗೆ ಸಾಯಲಿರುವವರ ಬಗ್ಗೆ ಕನಿಕರ ಬರುತ್ತದೆಯೇ ಅಂತ ತಾವೇ ಕೇಳಿಕೊಂಡು, ಜಪಾನ್ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಮಾಡಿದ ದಾಳಿಯನ್ನು ನೆನಸಿಕೊಂಡರೆ ಬರುವುದಿಲ್ಲ ಅಂತ ತಾವೇ ಉತ್ತರ ಕೊಡುತ್ತಾರೆ. 1946ರಲ್ಲಿ ಅವರ ಅಣುಬಾಂಬ್ ವರದಿಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ಪತ್ರಿಕೆಯಲ್ಲಿ ಸೆಪ್ಟೆಂಬರ್ 13ರಂದು ಬೇರೊಬ್ಬ ವರದಿಗಾರರ ಸುದ್ದಿ ಬಂತು. ಹಿರೋಶಿಮಾದ ಅವಶೇಷದಲ್ಲಿ ವಿಕಿರಣ ಇಲ್ಲ ಅಂತ ಅದರ ತಲೆಬರಹ.

ಒಬ್ಬರು ಆಸ್ಪತ್ರೆಯ ನೆಲದ ಮೇಲೆ ನಿಂತು ಕಂಡರು. ಇನ್ನೊಬ್ಬರು ಆಕಾಶದಿಂದ ಕಂಡರು. ಪದ ಬದಲಾದದ್ದು ಅಲ್ಲಿ. ಆದ್ದರಿಂದ ನಿಮ್ಮ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ: ಬರೆದವರು ಎಲ್ಲಿ ನಿಂತಿದ್ದರು?

ಬರ್ಚೆಟ್ ಟೋಕಿಯೋಗೆ ವಾಪಸಾದಾಗ ಅಮೆರಿಕದ ಸೇನಾಧಿಕಾರಿಗಳ ಪತ್ರಿಕಾಗೋಷ್ಠಿ ನಡೆಯುತ್ತಿತ್ತು. ವಿಕಿರಣದ ಕಾಯಿಲೆಯ ಸುದ್ದಿಯನ್ನು ಅವರು ಅಲ್ಲಗಳೆಯುತ್ತಿದ್ದರು. ಇವರು ಎದ್ದು ನಿಂತು ತಾವು ಕಂಡದ್ದನ್ನು ಹೇಳಿ ಪ್ರಶ್ನೆ ಕೇಳಿದರು. ನೀವು ಜಪಾನಿನ ಪ್ರಚಾರಕ್ಕೆ ಬಲಿಯಾಗಿದ್ದೀರಿ ಅಂತ ಉತ್ತರ ಬಂತು ಎಂದು ಅವರೇ ಆಮೇಲೆ ಬರೆದಿದ್ದಾರೆ. ‘ಶಿಕಾಗೋ ಡೈಲಿ ನ್ಯೂಸ್’ನ ಜಾರ್ಜ್ ವೆಲರ್ ಕಥೆ ಇನ್ನೂ ಬೇಸರದ್ದು. ಅವರು ಸೆಪ್ಟೆಂಬರ್ 6ರಂದು ನಾಗಸಾಕಿ ತಲುಪಿದರು. ಆಸ್ಪತ್ರೆಗಳನ್ನು ಸುತ್ತಿ, ಗೊತ್ತಾಗದ ಆ ಕಾಯಿಲೆಯನ್ನು ‘ರೋಗ ಎಕ್ಸ್’ ಅಂತ ಕರೆದು, ವರದಿ ಮೇಲೆ ವರದಿ ಬರೆದು ಟೋಕಿಯೋದ ಸೇನಾ ಸೆನ್ಸಾರ್‌ಗೆ ಕಳಿಸಿದರು. ಒಂದೂ ಅಚ್ಚಾಗಲಿಲ್ಲ. ವೆಲರ್ 2002ರಲ್ಲಿ ತೀರಿಕೊಂಡರು. ಆಮೇಲೆ ಅವರ ಮಗನಿಗೆ ಕಾರ್ಬನ್ ಪ್ರತಿಗಳು ಸಿಕ್ಕವು. 2006ರಲ್ಲಿ ಅವು ಪುಸ್ತಕವಾಗಿ ಬಂದವು. ಅರವತ್ತು ವರ್ಷ ತಡವಾಗಿ ಬಂದ ಸುದ್ದಿ. ಅವರ ಪದ ನೋಡಿ, ಎಷ್ಟು ಹುಷಾರಾದ ಪದ! ಪ್ಲೇಗ್ ಅನ್ನಲಿಲ್ಲ, ಬರೀ ‘ಎಕ್ಸ್’ ಅಂದರು. ಅಷ್ಟು ತಣ್ಣಗಿನ ಪದವನ್ನೂ ಆಚೆ ಹೋಗಲು ಬಿಡಲಿಲ್ಲ.

ಜಪಾನಿನ ಪತ್ರಕರ್ತರಿಗಂತೂ ಬಾಯಿಗೆ ಬೀಗ. 1945ರ ಸೆಪ್ಟೆಂಬರ್ 19ರಂದು, ಸೋತ ಜಪಾನನ್ನು ಆಳುತ್ತಿದ್ದ ಅಮೆರಿಕದ ಆಡಳಿತ ಅಲ್ಲಿನ ಪತ್ರಿಕೆಗಳಿಗೆ ಒಂದು ನಿಯಮಾವಳಿ ಹೊರಡಿಸಿತು. ಸಾರ್ವಜನಿಕ ನೆಮ್ಮದಿ ಕದಡುವಂಥದ್ದನ್ನು ನೇರವಾಗಿಯೂ ಬರೆಯುವಂತಿಲ್ಲ, ಸೂಚನೆಯಾಗಿಯೂ ಬರೆಯುವಂತಿಲ್ಲ. ಸೆನ್ಸಾರ್ ಇದೆ ಅನ್ನುವುದನ್ನೂ ಓದುಗರಿಗೆ ಹೇಳುವಂತಿಲ್ಲ. ಹಿರೋಶಿಮಾದ ‘ಚುಗೋಕು ಶಿಂಬುನ್’ ಪತ್ರಿಕೆ ಬಾಂಬಿನಲ್ಲಿ ತನ್ನ ನೂರಕ್ಕೂ ಹೆಚ್ಚು ಸಿಬ್ಬಂದಿಯನ್ನು ಕಳೆದುಕೊಂಡಿತ್ತು. ಅದರ ಫೋಟೋಗ್ರಾಫರ್ ಯೋಶಿಟೋ ಮತ್ಸುಶಿಗೆ ಆವತ್ತು ಬೆಳಗ್ಗೆ ಕ್ಯಾಮೆರಾ ಹಿಡಿದು ಮಿಯುಕಿ ಸೇತುವೆಯ ಬಳಿ ನಿಂತಿದ್ದರು. ಎದುರಿಗೆ ಸುಟ್ಟ ಮೈಯ ಮಕ್ಕಳು, ದೊಡ್ಡವರು. ಎಷ್ಟೋ ಹೊತ್ತು ಬಟನ್ ಒತ್ತಲು ಕೈ ಬರಲಿಲ್ಲ. ಕೊನೆಗೆ ಒತ್ತಿದರು. ಇನ್ನೊಂದು ತೆಗೆಯುವಾಗ ಕಣ್ಣೀರಿನಿಂದ ವ್ಯೂಫೈಂಡರ್ ಮಂಜಾಗಿತ್ತು ಅಂತ ಹೇಳಿದ್ದಾರೆ. ಆ ದಿನ ಅವರಿಂದ ಉಳಿದದ್ದು ಐದೇ ಚಿತ್ರ. ‘ಅಸಾಹಿ ಗ್ರಾಫ್’ ಪತ್ರಿಕೆ ಬಾಂಬಿಗೆ ಸಿಕ್ಕವರ ಚಿತ್ರಗಳ ವಿಶೇಷ ಸಂಚಿಕೆಯನ್ನು ದೇಶದ ಮುಂದಿಟ್ಟದ್ದು 1952ರ ಆಗಸ್ಟ್ 6ರಂದು. ಅಮೆರಿಕದ ಆಡಳಿತ ಅದೇ ವರ್ಷ ಏಪ್ರಿಲ್‌ನಲ್ಲಿ ಮುಗಿದಿತ್ತು.

ಪದವನ್ನು ತಡೆಹಿಡಿಯುವುದು ನಮ್ಮ ದೇಶದಲ್ಲೂ ಆಗಿದೆ. 1943ರಲ್ಲಿ ಬಂಗಾಳದಲ್ಲಿ ಜನ ಬೀದಿಯಲ್ಲಿ ಸಾಯುತ್ತಿದ್ದರೂ ಸರ್ಕಾರ ‘ಕ್ಷಾಮ’ ಅಂತ ಘೋಷಿಸಲಿಲ್ಲ. ‘ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರಂದು ಕಲ್ಕತ್ತೆಯ ಬೀದಿಗಳ ಫೋಟೋಗಳನ್ನೇ ಅಚ್ಚು ಹಾಕಿಸಿದರು. ಪದಕ್ಕೆ ಅಡ್ಡಿ ಇದ್ದಾಗ ಚಿತ್ರ ಮಾತಾಡಿತು. ಕರ್ನಾಟಕದ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ. ‘ಬರಪೀಡಿತ ತಾಲ್ಲೂಕು’ ಅಂತ ಘೋಷಣೆ ಆಗುವವರೆಗೆ ಪರಿಹಾರದ ಹಣ ಬರುವುದಿಲ್ಲ, ಅಲ್ವಾ? ದುಃಖದ ಪದ ಬರೀ ಅಲಂಕಾರ ಅಲ್ಲ. ಅದಕ್ಕೊಂದು ಲೆಕ್ಕವೂ ಇರುತ್ತದೆ.

ಈಗ ನಾನು ಮೊದಲೇ ಹೇಳಿದ ಆ ಘೋರ ವರದಿಗೆ ಬರುತ್ತೇನೆ. 1946ರ ಆಗಸ್ಟ್ 31ರ ‘ನ್ಯೂಯಾರ್ಕರ್’ ವಾರಪತ್ರಿಕೆ. ಇಡೀ ಸಂಚಿಕೆಯ ಬರಹ ಒಂದೇ, ಜಾನ್ ಹರ್ಸಿಯವರ ‘ಹಿರೋಶಿಮಾ’. ಸುಮಾರು 30,000 ಪದ. ಮುಖಪುಟದಲ್ಲಿ ಜನ ಪಾರ್ಕಿನಲ್ಲಿ ಬೇಸಿಗೆ ಕಳೆಯುತ್ತಿರುವ ಚಿತ್ರ. ಒಳಗೆ ಬದುಕುಳಿದ ಆರು ಜನರ ಕಥೆ: ಒಬ್ಬ ಗುಮಾಸ್ತೆ, ಇಬ್ಬರು ಡಾಕ್ಟರು, ಇಬ್ಬರು ಪಾದ್ರಿಗಳು, ಗಂಡ ಸತ್ತ ಮೇಲೆ ಬಟ್ಟೆ ಹೊಲಿದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ. ಮೊದಲ ವಾಕ್ಯದಲ್ಲಿ ಬೆಳಗ್ಗೆ ಎಂಟೂಕಾಲು. ತವರದ ಕಾರ್ಖಾನೆಯ ಆಫೀಸಿನಲ್ಲಿ ಆ ಗುಮಾಸ್ತೆ ಆಗತಾನೆ ತನ್ನ ಜಾಗದಲ್ಲಿ ಕೂತು, ಪಕ್ಕದ ಮೇಜಿನ ಹುಡುಗಿಯ ಜೊತೆ ಮಾತಾಡಲು ತಲೆ ತಿರುಗಿಸುತ್ತಿದ್ದಾಳೆ. ಅಷ್ಟೇ. ಬಾಂಬ್ ಆ ವಾಕ್ಯದಲ್ಲಿ ಒಂದು ಮಿಂಚು ಮಾತ್ರ. ಸ್ವಲ್ಪ ಮುಂದೆ ಅವಳ ಹಿಂದಿದ್ದ ಪುಸ್ತಕದ ಕಪಾಟು ಅವಳ ಮೇಲೆ ಬೀಳುತ್ತದೆ.

ಇದನ್ನು ನಿಮ್ಮ ಪದಪಟ್ಟಿಗೆ ಹಾಕಿ ನೋಡಿ. ಆ ಮೊದಲ ವಾಕ್ಯದಲ್ಲಿ ಕತ್ತಲೆ ಇಲ್ಲ, ಘೋರ ಇಲ್ಲ, ವಿನಾಶ ಇಲ್ಲ. ಸಮಯ, ಜಾಗ, ಕೆಲಸ, ಕುತ್ತಿಗೆಯ ಒಂದು ತಿರುವು. ನಾನು ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಹುಡುಗಿ ತಲೆ ತಿರುಗಿಸುವಾಗ ನನಗೆ ಉಸಿರು ಬಿಗಿಯುತ್ತದೆ. ಹರ್ಸಿ ಬೇಕಂತಲೇ ಹೀಗೆ ಸಪ್ಪೆಯಾಗಿ ಬರೆದರು. ಬರೆಯುವವನು ನಡುವೆ ನಿಂತು ಅಳಬಾರದು, ಓದುವವನು ನೇರವಾಗಿ ಆ ಜನರನ್ನು ಮುಟ್ಟಬೇಕು ಅನ್ನುವುದು ಅವರ ಲೆಕ್ಕ. ಆ ಬರಹವನ್ನು ಅಮೆರಿಕದ ರೇಡಿಯೋದಲ್ಲಿ ನಾಲ್ಕು ರಾತ್ರಿ ಓದಿದರು.

ಪದವೇ ಸಾಲದು ಅನ್ನುವ ಮಾತಿಗೂ ಬರೋಣ. ‘ವರ್ಣಿಸಲು ಪದಗಳೇ ಇಲ್ಲ’ ಅನ್ನುವುದು ಇಂಥ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮಲ್ಲಿ ‘ವರ್ಣನಾತೀತ’, ‘ಆ ದೃಶ್ಯ ಹೇಳತೀರದು’ ಅಂತ ಬರೆಯುತ್ತೇವಲ್ಲ, ಅದೇ. ಇದನ್ನು ಬಳಸಿದ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸುತ್ತದೆ.

ಒಬ್ಬರು ಅಮೆರಿಕದ ರೇಡಿಯೋ ವರದಿಗಾರ ಎಡ್ವರ್ಡ್ ಮರೋ. ಯುರೋಪಿನ ಯುದ್ಧ ಮುಗಿಯಲು ಇನ್ನೂ ಮೂರು ವಾರ ಇತ್ತು. 1945ರ ಏಪ್ರಿಲ್ 15ರಂದು ಅವರು ಜರ್ಮನಿಯ ಬುಕೆನ್‌ವಾಲ್ಡ್ ಅನ್ನುವ ನಾಜಿ ಸೆರೆಶಿಬಿರದಲ್ಲಿ ಕಂಡದ್ದನ್ನು ಹೇಳಿದರು. ಕಂಡದ್ದರಲ್ಲಿ ಸ್ವಲ್ಪ ಮಾತ್ರ ಹೇಳಿದ್ದೇನೆ, ಉಳಿದದ್ದಕ್ಕೆ ನನ್ನ ಹತ್ತಿರ ಪದಗಳಿಲ್ಲ ಅಂದರು. ಆದರೆ ಆ ಮಾತಿಗೆ ಬರುವ ಮುಂಚೆ ಅವರು ಏನೇನು ಹೇಳಿದ್ದರು ಗೊತ್ತಾ? ಒಂದು ಕಟ್ಟಡದ ಲೆಕ್ಕ: ಒಂದೇ ತಿಂಗಳಲ್ಲಿ 1,200 ಜನರಲ್ಲಿ 242 ಸಾವು. ಇನ್ನೊಂದು, ಅವರು ಒಳಗೆ ನಡೆದುಹೋಗುವಾಗ ಏಳಲಾರದೆ ಮಲಗಿದ್ದವರು ಚಪ್ಪಾಳೆ ತಟ್ಟಿದ್ದು. ಆ ಸದ್ದು ಹಸುಗೂಸುಗಳು ಚಪ್ಪಾಳೆ ತಟ್ಟಿದ ಹಾಗಿತ್ತು, ಅಷ್ಟು ನಿತ್ರಾಣ. ಇಷ್ಟನ್ನು ಕೇಳಿಸಿಕೊಂಡವರಿಗೆ ‘ಪದಗಳಿಲ್ಲ’ ಅನ್ನುವ ಮಾತು ನಿಜ ಅನ್ನಿಸುತ್ತದೆ. ಅವರು ಪದ ಇರುವಷ್ಟು ದೂರ ನಡೆದುಹೋಗಿ ಅಲ್ಲಿ ನಿಂತಿದ್ದರು.

ಇನ್ನೊಬ್ಬರು ಸ್ವೀಡನ್ನಿನ ಸ್ಟಿಗ್ ಡಾಗರ್‌ಮನ್. 1946ರ ಶರತ್ಕಾಲದಲ್ಲಿ ‘ಎಕ್ಸ್‌ಪ್ರೆಸೆನ್’ ಪತ್ರಿಕೆ ಅವರನ್ನು ಜರ್ಮನಿಗೆ ಕಳಿಸಿತು. ಆಗ ಅವರಿಗೆ 23 ವರ್ಷ. ಬಾಂಬಿಗೆ ಸಿಕ್ಕಿದ ಊರುಗಳಲ್ಲಿ ಜನ ನೆಲಮಾಳಿಗೆಗಳಲ್ಲಿ ಬದುಕುತ್ತಿದ್ದರು. ಕಾಲಿನ ಗಂಟು ಮುಳುಗುವಷ್ಟು ತಣ್ಣೀರು. ಬೆಳಗ್ಗೆ ಎದ್ದು ಆ ನೀರಿನಲ್ಲೇ ನಡೆದು ಒಲೆಯ ಹತ್ತಿರ ಹೋಗಬೇಕು. ಹೊರದೇಶದ ಪತ್ರಕರ್ತರು ಬರುತ್ತಿದ್ದರು. ‘ಹಿಟ್ಲರ್ ಕಾಲದಲ್ಲಿ ಇದಕ್ಕಿಂತ ಚೆನ್ನಾಗಿದ್ದಿರಾ?’ ಅಂತ ಕೇಳುತ್ತಿದ್ದರು. ಹೌದು ಅನ್ನುವ ಉತ್ತರ ಬರೆದುಕೊಂಡು, ಈ ಜನ ಬದಲಾಗಿಲ್ಲ ಅಂತ ತೀರ್ಮಾನಿಸಿ ಹೊರಟುಬಿಡುತ್ತಿದ್ದರು. ಡಾಗರ್‌ಮನ್ನರಿಗೆ ಇದು ಸಹಿಸಲಾಗಲಿಲ್ಲ. ನೀರಿನಲ್ಲಿ ನಿಂತವನನ್ನು ಮೊದಲು ನೋಡಿ, ಆಮೇಲೆ ಅವನ ಉತ್ತರವನ್ನು ತೂಗಿ ಅನ್ನುವುದು ಅವರ ವಾದ. ಈ ಜನರ ಪಾತ್ರೆಯಲ್ಲಿ ಬೇಯುತ್ತಿರುವುದು ‘ವರ್ಣನಾತೀತ’ ಅನ್ನುವ ಪತ್ರಕರ್ತರ ಮಾತನ್ನೂ ಅವರು ಒಪ್ಪಲಿಲ್ಲ. ಅದು ಅಸಹ್ಯ, ಆದರೆ ಅಸಹ್ಯವಾದದ್ದೆಲ್ಲ ವರ್ಣನಾತೀತ ಅಲ್ಲ ಅಂದರು. ನೆಲಮಾಳಿಗೆಗಳ ಮಕ್ಕಳು ಪಡುತ್ತಿರುವ ಪಾಡನ್ನೂ ವರ್ಣಿಸಬಹುದು, ವರ್ಣಿಸುವ ಮನಸ್ಸು ಬೇಕು, ಅಷ್ಟೇ.

ಇದು ನನಗೆ ಮನೆಯ ಮಾತು ಅನ್ನಿಸುತ್ತದೆ. ನಾನು ಡೆಸ್ಕ್‌ಗೆ ಸೇರಿದ ಹೊಸತು. ಮಳೆಗೆ ಗೋಡೆ ಕುಸಿದು ಒಂದೇ ಮನೆಯ ಇಬ್ಬರು ಸತ್ತ ಸುದ್ದಿ ತಾಲ್ಲೂಕಿನಿಂದ ಬಂದಿತ್ತು. ‘ಗ್ರಾಮದಲ್ಲಿ ಸೂತಕದ ಛಾಯೆ ಆವರಿಸಿದ್ದು, ಕುಟುಂಬದವರ ಆಕ್ರಂದನ ಮುಗಿಲು ಮುಟ್ಟಿತ್ತು.’ ನೀವೂ ನೂರು ಸಲ ಓದಿರುತ್ತೀರಿ. ನಮ್ಮ ಹಿರಿಯ ಉಪಸಂಪಾದಕರು ವರದಿಗಾರರಿಗೆ ಫೋನ್ ಹಚ್ಚಿ, ‘ಸುಮ್ನೆ ಹೇಳಪ್ಪ, ಅಲ್ಲಿ ಹೋದಾಗ ಏನು ಕಂಡೆ?’ ಅಂತ ಕೇಳಿದರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ಆ ಮನೆಯ ಎಮ್ಮೆ ಹೊತ್ತಾಯಿತೆಂದು ಕೂಗುತ್ತಿತ್ತು. ಪಕ್ಕದ ಮನೆಯವರು ಹೋಗಿ ಹಾಲು ಕರೆದರು. ಕರೆದ ಹಾಲನ್ನು ಯಾರಿಗೆ ಕೊಡಬೇಕು ಅಂತ ತಿಳಿಯದೆ ಜಗುಲಿಯ ಮೇಲೆ ಇಟ್ಟು ನಿಂತಿದ್ದರು. ಮರುದಿನ ಪತ್ರಿಕೆಯಲ್ಲಿ ಸೂತಕದ ಛಾಯೆ ಇರಲಿಲ್ಲ. ಆ ಹಾಲಿನ ಚೆಂಬು ಇತ್ತು.

ಗೆದ್ದ ದೇಶದ ಪತ್ರಿಕೆಗಳಲ್ಲೂ ಯಾಕೆ ಕತ್ತಲು ಅಂತ ಕೇಳಿದ್ದೀರಿ. ಬ್ರಿಟನ್ನಿನ ಮಟ್ಟಿಗೆ ಉತ್ತರ ಸರಳ: ನಿಜವಾಗಿಯೂ ಕತ್ತಲಿತ್ತು. ಯುದ್ಧದ ಕಾಲದಲ್ಲೂ ಬ್ರೆಡ್ಡಿಗೆ ರೇಷನ್ ಇರಲಿಲ್ಲ, 1946ರ ಜುಲೈನಲ್ಲಿ ಬಂತು. 1947ರ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹಿಮ ಸುರಿಯಿತು. ಕಲ್ಲಿದ್ದಲು ಸಾಗಿಸಲು ಆಗಲಿಲ್ಲ. ಫೆಬ್ರವರಿ 7ರಂದು ಇಂಧನ ಸಚಿವ ಶಿನ್‌ವೆಲ್ ಕಾರ್ಖಾನೆಗಳಿಗೆ ಕರೆಂಟ್ ಕಡಿತ ಪ್ರಕಟಿಸಿದರು. ಮನೆಗಳಲ್ಲೂ ಹಗಲು ಐದು ಗಂಟೆ ಕರೆಂಟ್ ಇಲ್ಲ. ವಾರಪತ್ರಿಕೆಗಳನ್ನು ಎರಡು ವಾರ ನಿಲ್ಲಿಸಿದರು. ಕೆಲಸ ಇಲ್ಲದವರ ಸಂಖ್ಯೆ ಕೆಲವು ವಾರ 20 ಲಕ್ಷ ದಾಟಿತು. ಇಂಗ್ಲಿಷಿನಲ್ಲಿ ಅವರು ಬಳಸುತ್ತಿದ್ದ ‘ಗ್ಲೂಮ್’ ಅನ್ನುವ ಪದಕ್ಕೆ ಬೆಳಕು ಕಡಿಮೆಯಾಗುವುದು, ಮನಸ್ಸು ಕುಗ್ಗುವುದು ಎರಡೂ ಅರ್ಥ. ನಮ್ಮ ‘ಮಂಕು’ ಇದಕ್ಕೆ ಸರಿಯಾಗಿ ಹೊಂದುತ್ತದೆ. ದೀಪವೂ ಮಂಕಾಗುತ್ತದೆ, ಮುಖವೂ ಮಂಕಾಗುತ್ತದೆ. ನೀವು ಕನ್ನಡದಲ್ಲಿ ಪ್ರಾಜೆಕ್ಟ್ ಬರೆಯುತ್ತಿದ್ದರೆ ‘ವಿಷಾದ’, ‘ಖಿನ್ನತೆ’ ಬಿಟ್ಟು ಇದನ್ನೇ ಬಳಸಿ.

ಇದರ ಜೊತೆಗೆ ಕಾಗದದ ಕೊರತೆ. ನ್ಯೂಸ್‌ಪ್ರಿಂಟಿಗೂ ರೇಷನ್. ಬ್ರಿಟನ್ನಿನ ಪತ್ರಿಕೆಗಳು ಎಷ್ಟೋ ಕಾಲ ನಾಲ್ಕೇ ಪುಟಕ್ಕೆ ಇಳಿದಿದ್ದವು. ಜಾಗ ಕಮ್ಮಿ ಆದಾಗ ತಲೆಬರಹದಲ್ಲಿ ಗಿಡ್ಡ ಪದ ಗೆಲ್ಲುತ್ತದೆ. ಇಂಗ್ಲಿಷಿನಲ್ಲಿ ಕಡಿತ, ನಿಷೇಧ, ಕುಸಿತ, ಬಿಕ್ಕಟ್ಟು ಇವೆಲ್ಲ ಒಂದೆರಡು ಉಚ್ಚಾರದಲ್ಲಿ ಮುಗಿಯುವ ಪದಗಳು. ಚೇತರಿಕೆಗೆ ಅಲ್ಲಿ ಉದ್ದ ಪದ. ಡೆಸ್ಕಿನಲ್ಲಿ ಕೂತು ತಲೆಬರಹ ಕಟ್ಟಿದವರಿಗೆ ಇದು ಗೊತ್ತು. ಎಷ್ಟೋ ಸಲ ಮಂಕು ಬರುವುದು ಕಾಲಂ ಅಗಲದಿಂದ. ಹಾಗಾಗಿ ತಲೆಬರಹದ ಪದವನ್ನೂ ವರದಿಯೊಳಗಿನ ಪದವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

‘ಶೀತಲ ಸಮರ’ದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಜಾರ್ಜ್ ಆರ್ವೆಲ್ 1945ರ ಅಕ್ಟೋಬರ್‌ನಲ್ಲೇ ಆ ಪದ ಬಳಸಿದ್ದರು. 1947ರಲ್ಲಿ ಅಂಕಣಕಾರ ವಾಲ್ಟರ್ ಲಿಪ್‌ಮನ್ ಅದನ್ನು ಎಲ್ಲರ ಬಾಯಿಗೆ ತಂದರು. ಕಲ್ಲಿದ್ದಲು ಇಲ್ಲದೆ ನಡುಗಿದ ಯುರೋಪಿನ ಓದುಗರಿಗೆ ಚಳಿ ಅಂದರೆ ಸಾವಿನ ನೆನಪು. ಕನ್ನಡಕ್ಕೆ ಬರುವಾಗ ಅದು ಬದಲಾಯಿತು. ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಅಂತ ಹರಸುವ ಜನ ನಾವು. ನಮಗೆ ತಂಪು ಒಳ್ಳೆಯದು. ಆ ಪದದ ನಡುಕ ನಮಗೆ ಹತ್ತಲೇ ಇಲ್ಲ. ಈಗ ಒಂದೇ ಪಕ್ಷದ ಇಬ್ಬರು ನಾಯಕರು ಮಾತು ಬಿಟ್ಟರೂ ‘ಶೀತಲ ಸಮರ’ ಅಂತ ಬರೆಯುತ್ತೇವೆ. ಕನ್ನಡ ಪತ್ರಿಕೆಗಳನ್ನೂ ಸೇರಿಸಿಕೊಳ್ಳುವುದಾದರೆ, ಅನುವಾದದಲ್ಲಿ ಯಾವ ಪದದ ಭಾರ ಇಳಿದಿದೆ ಅಂತ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಇನ್ನು ಕೆಲಸದ ಮಾತು. ಎರಡು ಬಣ್ಣದ ಪೆನ್ ಇಟ್ಟುಕೊಳ್ಳಿ. ಕತ್ತಲೆಯ ಪದಕ್ಕೆ ಒಂದು ಬಣ್ಣ, ಕಣ್ಣಿಗೆ ಕಾಣುವ ವಿವರಕ್ಕೆ ಇನ್ನೊಂದು. ಯಾವುದು ಮೊದಲು ಬರುತ್ತದೆ ಅಂತ ಗುರುತು ಹಾಕುತ್ತಾ ಹೋಗಿ. ಬರ್ಚೆಟ್, ಹರ್ಸಿ, ಮರೋ ಮೂವರಿಂದ ಶುರು ಮಾಡಿ. ಆಮೇಲೆ ಅದೇ ದಿನಗಳ ಮಾಮೂಲಿ ಸುದ್ದಿಗಳನ್ನು ಪಕ್ಕದಲ್ಲಿಡಿ. ಜಪಾನಿನ ಪತ್ರಿಕೆಗಳ ಅನುವಾದ ಸಿಕ್ಕರೆ ಪ್ರತಿ ಪುಟದ ಮೇಲೆ ತಾರೀಕು ಬರೆದುಕೊಳ್ಳಿ, 1945ರ ಸೆಪ್ಟೆಂಬರ್ 19ರ ಮುಂಚೆಯೋ ಆಮೇಲೆಯೋ ಅಂತ. ಆ ತಾರೀಕಿನ ನಂತರ ನಿಮ್ಮ ಎಣಿಕೆ ಇಳಿದರೆ, ಹಿರೋಶಿಮಾದ ಜನ ಚೇತರಿಸಿಕೊಂಡರು ಅಂತ ಮಾತ್ರ ಬರೆಯಬೇಡಿ.